ಕರಾವಳಿಯ ಸಣ್ಣ ಸ್ಟುಡಿಯೊ: ಫೋಟೊ ಮತ್ತು ಜಾಲತಾಣ ಎರಡನ್ನೂ ಒಂದೇ ದರಕ್ಕೆ ಕೊಡುವುದು ಸರಿಯೆ?

ಪ್ರಶ್ನೆ: ಕುಂದಾಪುರದ ಸ್ಟುಡಿಯೊದವನು

ಎಲ್ಲರಿಗೂ ನಮಸ್ಕಾರ. ಕುಂದಾಪುರದ ಹತ್ತಿರ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಮನೆಯ ಎದುರಿನ ಎರಡು ಕೋಣೆಗಳಲ್ಲಿ ನಾನೂ ನನ್ನ ಹೆಂಡತಿಯೂ ಸೇರಿ ಐದು ವರ್ಷಗಳಿಂದ ಒಂದು ಸಣ್ಣ ಸ್ಟುಡಿಯೊ ನಡೆಸುತ್ತಿದ್ದೇವೆ. ಫೋಟೊ ತೆಗೆಯುವುದು ನನ್ನ ಕೆಲಸ, ಜಾಲತಾಣ ಕಟ್ಟುವುದು ಅವಳ ಕೆಲಸ. ಮೊದಲೆರಡು ವರ್ಷ ಮದುವೆ, ಉಪನಯನ, ಮನೆ ಒಕ್ಕಲು ಇವುಗಳಿಂದಲೇ ಹೊಟ್ಟೆ ಹೊರೆದೆವು. ಈಚೆಗೆ ಮರವಂತೆಯಿಂದ ಮುರ್ಡೇಶ್ವರದವರೆಗಿನ ಹೋಂಸ್ಟೇಗಳು, ಒಂದೆರಡು ಗೇರುಬೀಜದ ಕಾರ್ಖಾನೆಗಳು, ಒಂದು ಸಹಕಾರಿ ಸಂಘ ಹೀಗೆ ವ್ಯವಹಾರದ ಗಿರಾಕಿಗಳು ಬರತೊಡಗಿದ್ದಾರೆ. ಅವರಿಗೆ ಎರಡು ದಿನದ ಫೋಟೊ ಕೆಲಸ ಮತ್ತು ಐದು ಪುಟಗಳ ಜಾಲತಾಣ ಸೇರಿ 45,000 ರೂಪಾಯಿ ಎಂದು ಒಂದೇ ದರ ಹೇಳುತ್ತಾ ಬಂದಿದ್ದೆ.

ತೊಂದರೆ ಶುರುವಾದದ್ದು ಅಲ್ಲಿಂದಲೇ. ಕಳೆದ ಹಂಗಾಮಿನಲ್ಲಿ ಒಂದು ರೆಸಾರ್ಟಿನ ಮಾಲೀಕರು ಫೋಟೊಗಳೆಲ್ಲ ಕೈಸೇರಿದ ಮೇಲೆ, ಜಾಲತಾಣವನ್ನು ಬೆಂಗಳೂರಿನಲ್ಲಿರುವ ತಮ್ಮ ಅಳಿಯನೇ ಮಾಡಿಕೊಡುತ್ತಾನೆ, ಆದ್ದರಿಂದ ಅರ್ಧ ಹಣ ಕಡಿಮೆ ಮಾಡಿ ಎಂದರು. ಯಾವ ಅರ್ಧ ಯಾವುದಕ್ಕೆ ಎಂದು ನಾನೇ ಎಲ್ಲಿಯೂ ಬರೆದಿರಲಿಲ್ಲ. ಬರಬೇಕಾದ 20,000 ನಾಲ್ಕು ತಿಂಗಳಾದರೂ ಬಂದಿಲ್ಲ. ಈ ನಡುವೆ ಅವರು ಬೇರೆ ಜಿಲ್ಲೆಯಲ್ಲಿ ನಡೆಸುವ ಇನ್ನೊಂದು ವಸತಿಗೃಹದ ಜಾಹೀರಾತಿನಲ್ಲಿಯೂ ನಾನು ತೆಗೆದ ಕಡಲ ಚಿತ್ರಗಳನ್ನು ಬಳಸಿದ್ದನ್ನು ನೋಡಿದೆ. ಕೇಳಿದರೆ, "ದುಡ್ಡು ಕೊಟ್ಟ ಮೇಲೆ ಫೋಟೊ ನಮ್ಮದಲ್ಲವೇ, ರಾ ಫೈಲುಗಳನ್ನೂ ಕೊಟ್ಟುಬಿಡಿ" ಎಂಬ ಉತ್ತರ ಬಂತು. (ರಾ ಫೈಲು ಎಂದರೆ ಕ್ಯಾಮೆರಾದಿಂದ ಬಂದ, ತಿದ್ದದ ಮೂಲ ಫೈಲು.)

ಹಾಗಾಗಿ ಅನುಭವಿಗಳಲ್ಲಿ ನನ್ನ ಪ್ರಶ್ನೆ ಇಷ್ಟು. ಎರಡೂ ಕೆಲಸಗಳಿಗೆ ಒಟ್ಟು ದರ ಹೇಳುವುದು ಸರಿಯೆ, ಬೇರೆ ಬೇರೆ ಬರೆಯಬೇಕೆ? ಚಿತ್ರಗಳ ಹಕ್ಕು ನಿಜವಾಗಿ ಯಾರದು? ಇನ್ನೊಂದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಮೆರಾ ಕಪಾಟಿನಿಂದ ಹೊರಬರುವುದೇ ಅಪರೂಪವಾಗಿರುವಾಗ ಕ್ಯಾಮೆರಾ ಸಾಲದ ಕಂತು ಮಾತ್ರ ತಿಂಗಳು ತಪ್ಪದೆ ಬರುತ್ತದೆ. ಇದನ್ನು ಉಳಿದವರು ಹೇಗೆ ನಿಭಾಯಿಸುತ್ತಿದ್ದೀರಿ?

ಉತ್ತರ: ಹೊನ್ನಾವರದ ಛಾಯಾಗ್ರಾಹಕ

ನಾನು ಈ ಕೆಲಸಕ್ಕೆ ಇಳಿದು ಹದಿನಾರು ವರ್ಷವಾಯಿತು. ಜಾಲತಾಣದ ಕೆಲಸವನ್ನು ಸೇರಿಸಿಕೊಂಡು ಎಂಟು ವರ್ಷ. ನೀವು ಮಾಡಿದ ತಪ್ಪನ್ನು ನಾನೂ ಮೂರು ವರ್ಷ ಮಾಡಿದ್ದೇನೆ, ಆದ್ದರಿಂದ ಸಂಕೋಚವಿಲ್ಲದೆ ಹೇಳುತ್ತೇನೆ: ಬೇರೆ ಬೇರೆಯೇ ಬರೆಯಿರಿ. ಫೋಟೊ ಕೆಲಸ ದಿನದ ಲೆಕ್ಕದ್ದು, ಕ್ಯಾಮೆರಾ ಚೀಲ ಹೆಗಲಿಗೇರಿದ ಕ್ಷಣದಿಂದ ಖರ್ಚು ಆರಂಭವಾಗುತ್ತದೆ. ಜಾಲತಾಣ ಹಂತದ ಲೆಕ್ಕದ್ದು. ಗಿರಾಕಿ ಕೋಣೆಯ ಬಾಡಿಗೆಯ ಪಟ್ಟಿ ಕೊಡಲು ಎರಡು ತಿಂಗಳು ತೆಗೆದುಕೊಂಡರೆ ಅಲ್ಲಿಯವರೆಗೆ ಕೆಲಸವೂ ನಿಲ್ಲುತ್ತದೆ, ಹಣವೂ ನಿಲ್ಲುತ್ತದೆ. ಈ ಎರಡನ್ನು ಒಂದೇ ಬಿಲ್ಲಿಗೆ ಕಟ್ಟಿದರೆ ಮುಗಿದ ಕೆಲಸದ ಹಣ ಮುಗಿಯದ ಕೆಲಸಕ್ಕಾಗಿ ಕಾಯುತ್ತ ಕೂರುತ್ತದೆ.

ನಾನು ಈಗ ಫೋಟೊ ಕೆಲಸಕ್ಕೆ ಅರ್ಧ ಮುಂಗಡ ಪಡೆಯುತ್ತೇನೆ. ತೆಗೆದ ಮೇಲೆ 1,200 ಪಿಕ್ಸೆಲ್ ಅಗಲದ, ಹೆಸರಿನ ಗುರುತು ಹಾಕಿದ ಮಾದರಿಗಳನ್ನು ಮಾತ್ರ ಕಳುಹಿಸುತ್ತೇನೆ, ಉಳಿದ ಅರ್ಧ ಬಂದ ಮೇಲೆಯೇ ದೊಡ್ಡ ಫೈಲುಗಳು. ಇದರಿಂದ ಬೇಸರ ಮಾಡಿಕೊಂಡವರು ಇಬ್ಬರು ಮಾತ್ರ, ಆ ಇಬ್ಬರೂ ಹೇಗೂ ಕೊಡುವವರಾಗಿರಲಿಲ್ಲ.

ಮಳೆಗಾಲದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಮೇ ತಿಂಗಳ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸಿದರೆ ಯಕ್ಷಗಾನದ ಚಿತ್ರಗಳಿಲ್ಲ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬಂದರಿನಲ್ಲಿಯೂ ಕೆಲಸವಿಲ್ಲ, ಆಸಾಡಿಯಲ್ಲಿ, ಎಂದರೆ ಆಷಾಢದಲ್ಲಿ, ಮದುವೆಯ ಮಾತೇ ಇಲ್ಲ. ಆದರೆ ಇದೇ ತಿಂಗಳುಗಳಲ್ಲಿ ಹೋಂಸ್ಟೇಯವರಿಗೂ ಅತಿಥಿಗಳು ಕಡಿಮೆ. ಡಿಸೆಂಬರಿನಲ್ಲಿ ಫೋನ್ ಎತ್ತಲೂ ಪುರುಸೊತ್ತಿಲ್ಲದವರು ಆಗಸ್ಟಿನಲ್ಲಿ ಜಗಲಿಯ ಮೇಲೆ ಕೂರಿಸಿ, ಚಹಾ ಕೊಟ್ಟು, ಒಂದು ಗಂಟೆ ಮಾತನಾಡುತ್ತಾರೆ. ಜಾಲತಾಣದ ಒಪ್ಪಂದಗಳನ್ನು ನಾನು ಮಾಡಿಕೊಳ್ಳುವುದು ಆಗಲೇ. ಬರಹ, ಪುಟಗಳ ವಿನ್ಯಾಸ, ದರಪಟ್ಟಿ ಎಲ್ಲವೂ ಮಳೆಯಲ್ಲಿ ಸಿದ್ಧವಾಗುತ್ತವೆ, ಫೋಟೊ ಜಾಗವನ್ನು ಖಾಲಿ ಬಿಟ್ಟಿರುತ್ತೇವೆ. ಮಳೆ ಹಿಂದೆ ಸರಿದು ಗಾಳಿಯಲ್ಲಿನ ದೂಳೆಲ್ಲ ತೊಳೆದುಹೋಗಿರುವ ಅಕ್ಟೋಬರಿನಲ್ಲಿ ಚಿತ್ರ ತೆಗೆಯುತ್ತೇವೆ. ತೋಟ ಇನ್ನೂ ಹಸಿರಾಗಿರುತ್ತದೆ, ಆಕಾಶ ನೀಲಿಯಾಗಿರುತ್ತದೆ. ಮಾರ್ಚಿನ ಮಬ್ಬಿನಲ್ಲಿ ಅದೇ ಅಂಗಳ ಬೇರೆ ಊರಿನಂತೆ ಕಾಣುತ್ತದೆ.

ಒಂದು ಸಣ್ಣ ಸಲಹೆ: ಕಡಲಿಗೆ ಮುಖ ಮಾಡಿದ ಕೋಣೆಯನ್ನು ಬೆಳಿಗ್ಗೆ ಎಂಟೂವರೆಯಿಂದ ಹತ್ತರೊಳಗೆ ತೆಗೆಯಿರಿ. ಸೂರ್ಯ ನಿಮ್ಮ ಬೆನ್ನಿನ ಕಡೆ, ಘಟ್ಟದ ಮೇಲಿರುತ್ತಾನೆ, ಕಿಟಕಿಯಾಚೆಯ ಕಡಲು ನೀಲಿಯಾಗಿಯೇ ಸಿಗುತ್ತದೆ. ಮಾಲೀಕರು ಸೂರ್ಯಾಸ್ತ ಬೇಕೆಂದು ಸಂಜೆಯೇ ಕರೆಯುತ್ತಾರೆ. ಆ ಹೊತ್ತಿಗೆ ಕೋಣೆಯೊಳಗೆ ಕತ್ತಲು, ಕಿಟಕಿ ಬರೀ ಬಿಳಿ. ಸೂರ್ಯಾಸ್ತವನ್ನು ಅಂಗಳದಲ್ಲಿ ನಿಂತು ಬೇರೆಯಾಗಿ ತೆಗೆದುಕೊಡಿ.

ಕ್ಯಾಮೆರಾ ಕಪಾಟಿನಲ್ಲಿದೆ ಎಂದು ಬರೆದದ್ದನ್ನು ಓದಿ ಭಯವಾಯಿತು. ನನ್ನ ಮೊದಲ ಮಳೆಗಾಲದಲ್ಲಿ 85 ಎಂಎಂ ಲೆನ್ಸನ್ನು ಚರ್ಮದ ಚೀಲದಲ್ಲಿಯೇ ಮರದ ಕಪಾಟಿನಲ್ಲಿಟ್ಟಿದ್ದೆ. ಚೌತಿಯ ಹೊತ್ತಿಗೆ ತೆಗೆದು ಟಾರ್ಚ್ ಬೆಳಕನ್ನು ಓರೆಯಾಗಿ ಹಾಯಿಸಿದರೆ ಒಳಗಿನ ಗಾಜಿನ ಅಂಚಿನಿಂದ ನಡುವಿಗೆ ಜೇಡರ ಬಲೆಯಂತೆ ಬೂಷ್ಟಿನ ಬಿಳಿ ಎಳೆಗಳು ಹರಡಿದ್ದವು. ಶುಚಿ ಮಾಡಿಸಿದ ಮೇಲೂ ಗಾಜಿನ ಲೇಪನದ ಮೇಲೆ ಅದರ ಗುರುತು ಉಳಿಯಿತು. ತೇವ ಸೇರದಂತೆ ಕಾಯುವ ಡ್ರೈ ಕ್ಯಾಬಿನೆಟ್ ಕೊಳ್ಳಲು ಆಗದಿದ್ದರೆ ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್, ಒಳಗೆ ಒಂದು ಸಣ್ಣ ತೇವಮಾಪಕ ಸಾಕು. ತೇವಾಂಶ ಶೇಕಡಾ 40ರಿಂದ 50ರ ನಡುವೆ ಇರಲಿ, ತೀರ ಒಣಗಿಸುವುದೂ ಲೆನ್ಸಿಗೆ ಒಳ್ಳೆಯದಲ್ಲ. ಜೆಲ್‌ನ ಬಣ್ಣ ಬದಲಾದೊಡನೆ ಬಿಸಿ ಮಾಡಿ ಮತ್ತೆ ಬಳಸಬಹುದು. ಅಕ್ಕಿ ಡಬ್ಬಿಯಲ್ಲಿ ಇಡುವವರನ್ನೂ ಕಂಡಿದ್ದೇನೆ, ಅದರಿಂದ ಲೆನ್ಸಿನೊಳಗೆ ಅಕ್ಕಿಯ ದೂಳು ಸೇರುವುದಷ್ಟೇ ಲಾಭ.

ಉತ್ತರ: ಉಡುಪಿಯ ಲೆಕ್ಕಪತ್ರದವಳು

ಹಕ್ಕಿನ ವಿಷಯದಲ್ಲಿ ನಿಮಗೆ ಹಿಡಿಸದ ಉತ್ತರ ಕೊಡಬೇಕಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಒಬ್ಬರ ಕೋರಿಕೆಯ ಮೇಲೆ ಹಣ ಪಡೆದು ತೆಗೆದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ಎಂದರೆ ಆ ರೆಸಾರ್ಟಿನವರ ಮಾತಿನಲ್ಲಿ, ಬಾಕಿ ಹಣದ ಪ್ರಶ್ನೆಯನ್ನು ಬದಿಗಿಟ್ಟರೆ, ಹುರುಳಿದೆ. ಇನ್ನೂ ಮುಂದೆ ಹೋದರೆ, ಅವರ ಚಿತ್ರಗಳನ್ನು ನಿಮ್ಮ ಸ್ಟುಡಿಯೊದ ಜಾಲತಾಣದಲ್ಲಿ ಮಾದರಿಯಾಗಿ ತೋರಿಸಲು ನೀವೇ ಅವರ ಅನುಮತಿ ಪಡೆಯಬೇಕಾಗುತ್ತದೆ. ತೆಗೆದವರು ತಾವೆಂದು ಹೇಳಿಕೊಳ್ಳುವ ಹಕ್ಕು ಮಾತ್ರ, 57ನೆಯ ಕಲಮಿನಂತೆ, ನಿಮ್ಮಲ್ಲಿಯೇ ಉಳಿಯುತ್ತದೆ.

ಸ್ವಾರಸ್ಯವೆಂದರೆ ನಿಮ್ಮ ಮನೆಯವರು ಬರೆದ ಜಾಲತಾಣದ ಕೋಡ್‌ಗೆ ಈ ಮಾತು ಅನ್ವಯಿಸುವುದಿಲ್ಲ. ಕಂಪ್ಯೂಟರ್ ಪ್ರೋಗ್ರಾಮನ್ನು ಕಾಯ್ದೆಯು ಸಾಹಿತ್ಯ ಕೃತಿಯೆಂದು ಪರಿಗಣಿಸುತ್ತದೆ, ಸಂಬಳದ ನೌಕರರಲ್ಲದೆ ಹೊರಗಿನಿಂದ ಮಾಡಿಕೊಟ್ಟವರು ಬರೆದದ್ದಾದರೆ ಹಕ್ಕು ಬರೆದವರದೇ, ಬರವಣಿಗೆಯಲ್ಲಿ ಸಹಿ ಹಾಕಿ ವರ್ಗಾಯಿಸುವವರೆಗೆ. ಹೀಗೆ ಒಂದೇ ಮನೆಯ ಎರಡು ಕೋಣೆಗಳಲ್ಲಿ ತಯಾರಾದ ಎರಡು ವಸ್ತುಗಳಲ್ಲಿ, ಒಂದು ಹುಟ್ಟುವಾಗಲೇ ಗಿರಾಕಿಯದು, ಇನ್ನೊಂದು ನಿಮ್ಮದು. ದರವನ್ನು ಬೇರೆ ಮಾಡಲು ಹೊನ್ನಾವರದವರು ಕೊಟ್ಟ ಕಾರಣಕ್ಕೆ ಇದನ್ನೂ ಸೇರಿಸಿಕೊಳ್ಳಿ.

ಮುಂದಿನ ಒಪ್ಪಂದದಲ್ಲಿ ಒಂದು ಪುಟ ಸಾಕು: ಚಿತ್ರಗಳ ಕೃತಿಸ್ವಾಮ್ಯ ಸ್ಟುಡಿಯೊದ್ದು, ಗಿರಾಕಿಗೆ ಇಂಥ ಆಸ್ತಿಯ ಪ್ರಚಾರಕ್ಕೆ, ಇಷ್ಟು ವರ್ಷ ಬಳಸುವ ಅನುಮತಿ, ರಾ ಫೈಲು ಇದರಲ್ಲಿ ಸೇರಿಲ್ಲ. ಯಾರಿಗಾದರೂ ಹಕ್ಕನ್ನೇ ಪೂರ್ತಿ ಬರೆದುಕೊಡುವುದಿದ್ದರೆ ಅವಧಿಯನ್ನೂ ಪ್ರದೇಶವನ್ನೂ ಸ್ಪಷ್ಟವಾಗಿ ನಮೂದಿಸಿ, ಏಕೆಂದರೆ ನಮೂದಿಸದಿದ್ದರೆ ಐದು ವರ್ಷ ಮತ್ತು ಭಾರತದೊಳಗೆ ಎಂದೇ ಕಾಯ್ದೆ ಎಣಿಸುತ್ತದೆ.

ಇನ್ನು ಬಾಕಿ ಹಣ. ನೀವು ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿದ್ದೀರಾ? ಅದು ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಮನೆಯಲ್ಲಿ ಕುಳಿತೇ ಆಗುತ್ತದೆ, ಮಧ್ಯವರ್ತಿಗಳಿಗೆ ಹಣ ಕೊಡಬೇಡಿ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಕಾಯ್ದೆಯ ಪ್ರಕಾರ ಸಣ್ಣ ಉದ್ದಿಮೆಯಿಂದ ಸೇವೆ ಪಡೆದವರು ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ, ಇದ್ದರೆ ಅದರಲ್ಲಿ ಹೇಳಿದ ದಿನದೊಳಗೆ ಹಣ ಕೊಡಬೇಕು, ಆ ಅವಧಿಯೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. 2023-24ರ ಲೆಕ್ಕವರ್ಷದಿಂದ ಇನ್ನೊಂದು ಬಿಗಿಯೂ ಬಂದಿದೆ: ಈ ಗಡುವು ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ಕೊಡಬೇಕಾದವರು ಆ ವರ್ಷದ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ, ನಿಜವಾಗಿ ಕೊಟ್ಟ ವರ್ಷದಲ್ಲಿಯೇ ತೋರಿಸಬೇಕು. ನನ್ನ ಅನುಭವದಲ್ಲಿ ಬಡ್ಡಿಯ ಮಾತಿಗಿಂತ ಈ ಮಾತು ಬೇಗ ಕೆಲಸ ಮಾಡುತ್ತದೆ. ಮಾಲೀಕರಿಗೆ ಬರೆಯುವ ಬದಲು ಅವರ ಲೆಕ್ಕ ನೋಡುವವರಿಗೆ, ಉದ್ಯಮ್ ಸಂಖ್ಯೆ ಹಾಕಿದ ಬಿಲ್ಲಿನೊಂದಿಗೆ, ಒಂದು ಸಭ್ಯವಾದ ಪತ್ರ ಕಳುಹಿಸಿ. ಕೆಲಸಕ್ಕಿಂತ ಮೊದಲೇ ನೋಂದಣಿ ಇದ್ದರೆ ಗಟ್ಟಿ, ಆಮೇಲೆ ಮಾಡಿಸಿದರೆ ಎದುರಿನವರು ವಾದಕ್ಕೆ ನಿಲ್ಲಬಹುದು.

ಜಿಎಸ್‌ಟಿ ಬಗ್ಗೆ ನೀವು ಕೇಳಿಲ್ಲವಾದರೂ, ಸೇವೆಗಳಿಗೆ ವರ್ಷಕ್ಕೆ 20 ಲಕ್ಷದ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಲ್ಲ. ಮಿತಿಯನ್ನು ಲೆಕ್ಕ ಹಾಕುವಾಗ ಫೋಟೊ, ಜಾಲತಾಣ ಎರಡರ ಹಣವೂ ಒಟ್ಟಾಗಿಯೇ ಸೇರುತ್ತದೆ. ಬಿಲ್ಲು ಬೇರೆ ಮಾಡಿದ ಮಾತ್ರಕ್ಕೆ ಮಿತಿ ಎರಡಾಗುವುದಿಲ್ಲ.

ಉತ್ತರ: ಗೋಕರ್ಣದ ಕಡೆಯ ಹೋಂಸ್ಟೇಯವ

ಇಲ್ಲಿ ಎಲ್ಲರೂ ಸೇವೆ ಕೊಡುವವರ ಪರವಾಗಿ ಮಾತನಾಡುತ್ತಿರುವುದರಿಂದ ಸೇವೆ ಪಡೆಯುವವನಾಗಿ ನಾಲ್ಕು ಮಾತು. ನಮ್ಮದು ನಾಲ್ಕು ಕೋಣೆಗಳ ಮನೆ. ಆರು ವರ್ಷದ ಹಿಂದೆ ಒಬ್ಬರು ನಮಗೂ ಹೀಗೆಯೇ ಫೋಟೊ, ಜಾಲತಾಣ, ಡೊಮೇನ್ (ಜಾಲತಾಣದ ವಿಳಾಸ) ಎಲ್ಲ ಸೇರಿ ಒಂದು ದರ ಹೇಳಿ ಮಾಡಿಕೊಟ್ಟರು. ಕೆಲಸ ಚೆನ್ನಾಗಿಯೇ ಇತ್ತು. ಮೂರನೆಯ ವರ್ಷ ಅವರು ಊರು ಬಿಟ್ಟರು, ಫೋನ್ ಸಂಖ್ಯೆ ಬದಲಾಯಿತು. ನವೀಕರಣವಾಗದೆ ಜಾಲತಾಣ ಮುಚ್ಚಿಹೋದ ಮೇಲೆಯೇ ನಮಗೆ ಗೊತ್ತಾದದ್ದು, ಡೊಮೇನ್ ಅವರ ಹೆಸರಿನಲ್ಲಿ, ಅವರ ಇಮೇಲಿನಲ್ಲಿ ಇತ್ತೆಂದು. ಬೋರ್ಡಿನಲ್ಲಿ, ಕಾರ್ಡಿನಲ್ಲಿ, ಆಟೊಗಳ ಹಿಂದೆ ಅಂಟಿಸಿದ ಚೀಟಿಯಲ್ಲಿ ಎಲ್ಲ ಅದೇ ವಿಳಾಸ. ಆದ್ದರಿಂದ ಈಗ ಯಾರು ಬಂದು ಒಟ್ಟು ದರ ಎಂದರೂ ನನ್ನ ಮೊದಲ ಪ್ರಶ್ನೆ ಡೊಮೇನ್ ಯಾರ ಹೆಸರಿನಲ್ಲಿ ಎಂಬುದೇ.

ಎರಡನೆಯದು, ವರ್ಷದ ನಿರ್ವಹಣೆ ಎಂದು ನೀವೆಲ್ಲ ಕೇಳುವ ಹಣ. ಕೊಡಬಾರದೆಂದಲ್ಲ. ಯಾವುದಕ್ಕೆ ಎಂದು ಹೇಳದೆ ಕೇಳಿದರೆ ಕೊಡಲು ಮನಸ್ಸು ಬರುವುದಿಲ್ಲ. ನಮ್ಮಲ್ಲಿಗೆ ಬರುವ ಅತಿಥಿಗಳಲ್ಲಿ ಹೆಚ್ಚಿನವರು ಗೂಗಲ್ ನಕ್ಷೆಯಲ್ಲಿ ನೋಡಿ, ಅಲ್ಲಿಂದ ಫೋನ್ ಮಾಡಿ, ವಾಟ್ಸ್‌ಆ್ಯಪಿನಲ್ಲಿ ಕೋಣೆಯ ಫೋಟೊ ಕೇಳುತ್ತಾರೆ. ನಕ್ಷೆಯಲ್ಲಿನ ಹಳೆಯ ಫೋಟೊ ಬದಲಿಸುವುದು, ರಜೆಯ ದಿನಗಳ ದರ ತಿದ್ದುವುದು, ಮಳೆಗಾಲದಲ್ಲಿ ಕಡಲಿಗೆ ಇಳಿಯಬಾರದೆಂಬ ಸೂಚನೆ ಹಾಕುವುದು, ಇಂಥವನ್ನು ಪಟ್ಟಿ ಮಾಡಿ ಇಷ್ಟು ರೂಪಾಯಿ ಎಂದರೆ ನಾನು ಈಗಲೇ ಕೊಡುತ್ತೇನೆ. ಮತ್ತೆ, ಸೂರ್ಯಾಸ್ತ ಬೇಕೆಂದು ಸಂಜೆ ಕರೆಯುವ ಮಾಲೀಕರಲ್ಲಿ ನಾನೂ ಒಬ್ಬ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಉತ್ತರ: ಕುಮಟಾ ಮೂಲದ ವೆಬ್ ಡೆವಲಪರ್, ಬೆಂಗಳೂರು

ಗೋಕರ್ಣದವರ ಮಾತು ನಿಜ. ಇನ್ನೊಂದು ಬಗೆಯ ಅನಾಥ ವಿಳಾಸಗಳೂ ನಮ್ಮ ಕಡೆ ಬಹಳ ಇವೆ: ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲಿನೊಂದಿಗೆ ಉಚಿತವಾಗಿ ಕೊಡುತ್ತಿದ್ದ ಜಾಲತಾಣಗಳನ್ನು 2024ರ ಮಾರ್ಚಿನಲ್ಲಿ ನಿಲ್ಲಿಸಿತು. ಹಳೆಯ ವಿಳಾಸವನ್ನೇ ಬೋರ್ಡಿನಲ್ಲಿ ಉಳಿಸಿಕೊಂಡಿರುವ ಅಂಗಡಿಗಳು ನಿಮ್ಮ ಮುಂದಿನ ಗಿರಾಕಿಗಳು. ಮಳೆಗಾಲದಲ್ಲಿ ಒಂದು ಸುತ್ತು ಪೇಟೆ ತಿರುಗಿದರೆ ಸಿಗುತ್ತಾರೆ.

ಸಹಕಾರಿ ಸಂಘದ ಕೆಲಸ ಹಿಡಿದಿದ್ದೀರಿ ಎಂದಿರಿ. ಅವರು ವರದಿಯನ್ನೂ ನಿಯಮಾವಳಿಯನ್ನೂ ಕೊಡುವುದು ಬಹುಮಟ್ಟಿಗೆ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ, ಎಲ್ಲ ಕಂಪ್ಯೂಟರು, ಫೋನುಗಳಿಗೂ ತಿಳಿಯುವ ಯೂನಿಕೋಡ್ ಸಂಕೇತದಲ್ಲಿ ಅಲ್ಲ. ಅದನ್ನು ಹಾಗೆಯೇ ಪುಟಕ್ಕೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಜ್ಜು ಕಾಣಿಸುತ್ತದೆ. ಬೇಸತ್ತು ಅನೇಕರು ಆ ಪುಟದ ಚಿತ್ರವನ್ನೇ ತೆಗೆದು ಹಾಕುತ್ತಾರೆ. ಆಗ ಹುಡುಕುವವರಿಗೂ ಸಿಗುವುದಿಲ್ಲ, ಫೋನಿನಲ್ಲಿ ಓದಲೂ ಆಗುವುದಿಲ್ಲ. ಪರಿವರ್ತಕಗಳಲ್ಲಿ ಹಾಕಿ ಯೂನಿಕೋಡಿಗೆ ತಂದ ಮೇಲೂ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಬೇಕು. ಈ ಕೆಲಸಕ್ಕೆ ಪುಟದ ಲೆಕ್ಕದಲ್ಲಿ ಪ್ರತ್ಯೇಕ ದರ ಬರೆಯಿರಿ. ಫೋಟೊಶಾಪಿನ ಹಳೆಯ ಆವೃತ್ತಿಯಲ್ಲಿ ಬ್ಯಾನರ್ ಮಾಡುವಾಗ "ಸ್ವಾಗತ" ಎಂಬುದು "ಸ್‌ವಾಗತ" ಎಂದು ಒಡೆದು ಬಂದರೆ ಟೈಪ್ ಎಂಜಿನ್ನಿನ ಆಯ್ಕೆಯಲ್ಲಿ ದಕ್ಷಿಣ ಏಷ್ಯಾದ ಭಾಷೆಗಳನ್ನು ಆರಿಸಿಕೊಳ್ಳಿ. ಬೈಪಾಸಿನ ಫ್ಲೆಕ್ಸುಗಳಲ್ಲಿ ಒಡೆದ ಒತ್ತಕ್ಷರ ನೋಡಿ ನೋಡಿ ಕಣ್ಣು ಸೋತಿದೆ.

ಛಾಯಾಗ್ರಾಹಕರೇ ಜಾಲತಾಣ ಮಾಡಿದಾಗ ಆಗುವ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ, ಬೇಸರಿಸಬೇಡಿ. ನಿಮಗೆ ನಿಮ್ಮ ಚಿತ್ರದ ಮೇಲೆ ಪ್ರೀತಿ, ಆದ್ದರಿಂದ 8 ಎಂಬಿಯ ಫೈಲನ್ನೇ ಮೊದಲ ಪುಟಕ್ಕೆ ಏರಿಸುತ್ತೀರಿ. ಅತಿಥಿ ಅದನ್ನು ತೆರೆಯುವುದು ರೈಲಿನಲ್ಲಿ, ಕೊಂಕಣ ರೈಲ್ವೆಯ ಸುರಂಗಗಳ ನಡುವೆ ಒಂದು ಗೆರೆ ಸಿಗ್ನಲ್ ಇರುವಾಗ. 1,600 ಪಿಕ್ಸೆಲ್ ಅಗಲಕ್ಕೆ ಇಳಿಸಿ, ವೆಬ್‌ಪಿ ಎಂಬ ಹಗುರವಾದ ಚಿತ್ರರೂಪದಲ್ಲಿ 200 ಕೆಬಿಯ ಆಸುಪಾಸಿನಲ್ಲಿ ಇಟ್ಟರೆ ಫೋನಿನ ಪರದೆಯಲ್ಲಿ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಇನ್ನೊಂದು, ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಮುಂಚೆ ಗಿರಾಕಿಗಳ ಫೈಲುಗಳ ಒಂದು ಪ್ರತಿ ಮನೆಯ ಹೊರಗೆ ಎಲ್ಲಾದರೂ ಇರಲಿ. ಕುಮಟೆಯ ನಮ್ಮ ಮನೆಯಲ್ಲಿ ಒಂದು ಸಂಜೆ ರೌಟರ್, ಕಂಪ್ಯೂಟರ್, ಅದಕ್ಕೆ ಸಿಕ್ಕಿಸಿದ್ದ ಬ್ಯಾಕಪ್ ಡಿಸ್ಕು ಮೂರೂ ಒಟ್ಟಿಗೆ ಹೋದವು.

ಪ್ರಶ್ನೆ ಕೇಳಿದವನು, ಕುಂದಾಪುರ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿಯೇ ಟಾರ್ಚ್ ಹಿಡಿದು ಲೆನ್ಸುಗಳನ್ನು ನೋಡಿದೆ. ಎರಡು ಶುಭ್ರವಾಗಿವೆ, ಮೂರನೆಯದರ ಅಂಚಿನಲ್ಲಿ ಚುಕ್ಕೆಯಷ್ಟು ಎಳೆ ಕಂಡಿದೆ. ನಾಳೆಯೇ ಅದನ್ನು ಉಡುಪಿಗೆ ಒಯ್ಯುತ್ತಿದ್ದೇನೆ, ಡಬ್ಬಿಯನ್ನೂ ಅಲ್ಲಿಯೇ ಕೊಳ್ಳುತ್ತೇನೆ.

ಉದ್ಯಮ್ ನೋಂದಣಿ ಎರಡು ವರ್ಷದ ಹಿಂದೆಯೇ ಬ್ಯಾಂಕಿನವರು ಸಾಲಕ್ಕಾಗಿ ಮಾಡಿಸಿದ್ದರು. ಅದರಿಂದ ಇಂಥ ಉಪಯೋಗವಿದೆಯೆಂದು ತಿಳಿದಿರಲಿಲ್ಲ. ಬಿಲ್ಲಿನಲ್ಲಿ ಆ ಸಂಖ್ಯೆ ಸೇರಿಸಿ ರೆಸಾರ್ಟಿನ ಲೆಕ್ಕ ನೋಡುವವರಿಗೆ ಪತ್ರ ಸಿದ್ಧಪಡಿಸಿದ್ದೇನೆ. ಇನ್ನೊಂದು ಜಿಲ್ಲೆಯ ಜಾಹೀರಾತಿನ ಬಗ್ಗೆ ಅದರಲ್ಲಿ ಏನನ್ನೂ ಬರೆದಿಲ್ಲ. ಒಪ್ಪಂದವೇ ಇಲ್ಲದ ಮೇಲೆ ಆ ಚಿತ್ರಗಳು ಅವರದೇ ಎಂದು ಒಪ್ಪಿಕೊಳ್ಳಲು ನನಗೆ ಒಂದು ದಿನ ಹಿಡಿಯಿತು. ರಾ ಫೈಲು ಮಾತ್ರ ಕೊಡುವುದಿಲ್ಲ.

ಹೊಸ ದರಪಟ್ಟಿಯಲ್ಲಿ ಫೋಟೊ ದಿನಕ್ಕೆ ಇಷ್ಟು, ಜಾಲತಾಣ ಹಂತಕ್ಕೆ ಇಷ್ಟು, ಡೊಮೇನ್ ಗಿರಾಕಿಯ ಹೆಸರಿನಲ್ಲಿ, ವರ್ಷದ ನಿರ್ವಹಣೆಯಲ್ಲಿ ಏನೇನು ಎಂದು ಬೇರೆ ಬೇರೆ ಸಾಲುಗಳಲ್ಲಿ ಬರೆದೆವು. ಒಟ್ಟು ಕೂಡಿದಾಗ ಹಳೆಯ 45,000ಕ್ಕಿಂತ ಹೆಚ್ಚೇ ಆಗಿದ್ದನ್ನು ನೋಡಿ ನನ್ನ ಹೆಂಡತಿ, ಇಷ್ಟು ವರ್ಷ ತನ್ನ ಕೆಲಸವನ್ನು ನಾನು ಫೋಟೊದ ಜೊತೆ ಕೊಸರಾಗಿ ಕೊಡುತ್ತಿದ್ದೆ ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಗೋಕರ್ಣದ ಕಡೆಯ ಹೋಂಸ್ಟೇಯವ

ಆ ದರಪಟ್ಟಿಯ ಒಂದು ಪ್ರತಿಯನ್ನು ನನಗೂ ಕಳುಹಿಸಿ. ಬರಹವನ್ನು ಮಳೆ ನಿಲ್ಲುವುದರೊಳಗೆ ಮುಗಿಸೋಣ. ಫೋಟೊಗೆ ಅಕ್ಟೋಬರಿನಲ್ಲಿ ನವರಾತ್ರಿಯ ರಜೆ ಮುಗಿದ ಮೇಲೆ ಬನ್ನಿ, ಕೋಣೆಗಳು ಖಾಲಿ ಇರುತ್ತವೆ. ಹಿಂದಿನ ರಾತ್ರಿಯೇ ಬಂದು ಉಳಿದುಕೊಳ್ಳಿ, ಬೆಳಿಗ್ಗೆ ಎಂಟೂವರೆಗೆ ಕಿಟಕಿ ತೆರೆದಿಟ್ಟಿರುತ್ತೇನೆ.